ಕೆಂಪು ತ್ರಿಕೋನ, ಮತ್ತೆ ಡಿಕ್ಕಿಯೊಳಗೆ ಹತ್ತು ನಿಮಿಷ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಕೈ ತೊಳೆದು, ಇನ್ನೇನು ಒಂದೂವರೆ ಗಂಟೆಯಲ್ಲಿ ಮನೆ ಅಂದುಕೊಂಡು ಕಾರಿನ ಬಾಗಿಲು ತೆಗೆದೆ. ಬ್ರೇಕ್ ತುಳಿದು ಪವರ್ ಬಟನ್ ಒತ್ತಿದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಅದು ಮಾಮೂಲಿ. ದಿನಾ ಹಾಗೇ ಹತ್ತಿ ಒಂದೊಂದಾಗಿ ಆರುತ್ತವೆ. ಅವತ್ತು ಆರಲಿಲ್ಲ. ನಡುವೆ ಒಂದು ಕೆಂಪು ತ್ರಿಕೋನ, ಕೆಳಗೆ ಹೈಬ್ರಿಡ್ ಸಿಸ್ಟಮ್ ಚೆಕ್ ಮಾಡಿಸಿ ಅನ್ನೋ ಅಕ್ಷರ, ಪಕ್ಕದಲ್ಲಿ ಬ್ರೇಕ್ ದೀಪ, ಎಂಜಿನ್ ದೀಪ. 'ರೆಡಿ' ಅಂತ ಹಸಿರಲ್ಲಿ ಬರಬೇಕಾದದ್ದು ಮಾತ್ರ ಬರಲೇ ಇಲ್ಲ.

ಹಿಂದಿನ ಸೀಟಿನಿಂದ ಅಮ್ಮ ಇಣುಕಿ ನೋಡಿ, "ಏನೋ ಅದು, ಸೀರಿಯಲ್ ಸೆಟ್ ಥರ?" ಅಂದರು.

ಆಫ್ ಮಾಡಿ, ಒಂದು ನಿಮಿಷ ಸುಮ್ನೆ ಕೂತು, ಮತ್ತೆ ಒತ್ತಿದೆ. ಈ ಸಲ ರೆಡಿ ಬಂತು. ಆದರೆ ತ್ರಿಕೋನ ಹೋಗಲಿಲ್ಲ. ಹೆಂಡತಿ ಮಗಳ ಕಡೆ ತಿರುಗಿದಳು. ಮಗಳು ಇಡ್ಲಿ ಬೇಡ ಅಂತ ಕಾರಲ್ಲೇ ಕೂತು, ಗಾಡಿ ಸ್ಟಾರ್ಟ್ ಮಾಡದೆ ಬರೀ ಸಿಸ್ಟಮ್ ಆನ್ ಮಾಡಿಕೊಂಡು ಮುಕ್ಕಾಲು ಗಂಟೆ ಹಾಡು ಕೇಳಿದ್ದಳು. "ಎಲ್ಲಾ ನಿನ್ನ ಹಾಡಿಂದಾನೇ ಆಗಿದ್ದು" ಅಂತ ತೀರ್ಪು ಆಗಿಹೋಯಿತು. ಅಲ್ಲಿಂದ ಬೆಂಗಳೂರು ತನಕ ಕಾರಲ್ಲಿ ಯಾರೂ ಮಾತಾಡಲಿಲ್ಲ. ಕಾರೇನೋ ಚೆನ್ನಾಗೇ ಓಡಿತು. ನಾನು ಮಾತ್ರ ರಸ್ತೆಗಿಂತ ಆ ತ್ರಿಕೋನವನ್ನೇ ಜಾಸ್ತಿ ನೋಡುತ್ತಿದ್ದೆ.

ನನ್ನದು ಹನ್ನೊಂದು ವರ್ಷ ಹಳೆಯ ಹೈಬ್ರಿಡ್ ಸೆಡಾನ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟ್ ಮೋಟರೂ ಅದಕ್ಕೊಂದು ದೊಡ್ಡ ಬ್ಯಾಟರಿಯೂ ಇರೋದು. ಸೆಕೆಂಡ್ ಹ್ಯಾಂಡ್. ಕಂಪನಿ ಹೆಸರು ಬೇಡ, ಮುಂದೆ ಗೊತ್ತಾಗುತ್ತೆ ನೋಡಿ, ಇದರಲ್ಲಿ ಅವರ ತಪ್ಪಿಗಿಂತ ಮಳೆಯ ಪಾಲೇ ದೊಡ್ಡದು. ಇದನ್ನು ಕೊಂಡಾಗ ಸಿಕ್ಕಿದವರೆಲ್ಲ ಹೇಳಿದ್ದು ಒಂದೇ ಮಾತು: "ಬ್ಯಾಟರಿ ಹೋದ್ರೆ ಸೈಟ್ ಮಾರಬೇಕಾಗುತ್ತೆ." ನನ್ನ ಹತ್ತಿರ ಮಾರೋಕೆ ಸೈಟೂ ಇಲ್ಲ. ಹಾಗಾಗಿ ಮೂರು ವರ್ಷದಿಂದ ಆ ಭಯ ಹೊಟ್ಟೆಯ ಒಂದು ಮೂಲೆಯಲ್ಲಿ ಇದ್ದೇ ಇತ್ತು. ತ್ರಿಕೋನ ಕಂಡ ತಕ್ಷಣ ಅದು ಎದ್ದು ಕೂತಿತು.

ಮಾರನೇ ದಿನ ಸರ್ವಿಸ್ ಸೆಂಟರಿಗೆ ಕೊಟ್ಟೆ. ಸಂಜೆ ಫೋನ್ ಬಂತು. ಹೈಬ್ರಿಡ್ ಬ್ಯಾಟರಿ ಹೋಗಿದೆ ಸರ್, ಎಸ್ಟಿಮೇಟ್ ಮೂರೂವರೆ ಲಕ್ಷದ ಹತ್ತಿರ ಆಗುತ್ತೆ. ತೊಂದರೆ ಕಂಡಾಗ ಕಾರಿನ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತೆ, ಅದು ಏನು ಬಂತು ಅಂತ ಕೇಳಿದೆ. ಆ ಕಡೆಯ ಹುಡುಗ ಓದಿ ಹೇಳಿದ, ನಾನು ಕರೆಂಟ್ ಬಿಲ್ಲಿನ ಹಿಂದೆ ಬರೆದುಕೊಂಡೆ: ಪಿ0ಎ80. ರಾತ್ರಿ ಹುಡುಕಿದರೆ ಅದರ ಅರ್ಥ ಹೀಗಿತ್ತು: 'ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಾಯಿಸಿ.' ಉಳಿದ ಕೋಡ್‌ಗಳು ಇಂಥ ಕಡೆ ತೊಂದರೆ ಇದೆ ಅಂತಷ್ಟೇ ಹೇಳಿದರೆ, ಇದು ಮೇಷ್ಟ್ರ ಥರ ನೇರ ಆರ್ಡರನ್ನೇ ಕೊಡುತ್ತೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆದರೂ ಏನೋ ಒಂದು ಸರಿ ಹೋಗುತ್ತಿರಲಿಲ್ಲ. ಕ್ಯಾತ್ಸಂದ್ರದಿಂದ ಮನೆ ತನಕ ಎಪ್ಪತ್ತು ಕಿಲೋಮೀಟರ್ ಕಾರು ಎಂದಿನ ಹಾಗೇ ಓಡಿತ್ತಲ್ಲ. ಡಾಬಸ್‌ಪೇಟೆ ಹತ್ತಿರ ಓವರ್‌ಟೇಕ್ ಮಾಡುವಾಗ ಮೋಟರ್ ಸಲೀಸಾಗಿ ನೂಕಿತ್ತು, ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆಗಿ ಬರೀ ಕರೆಂಟಲ್ಲಿ ಹೊರಟಿತ್ತು, ಮೈಲೇಜೂ ಇಳಿದಿರಲಿಲ್ಲ. ಸತ್ತ ಬ್ಯಾಟರಿ ಇಷ್ಟೆಲ್ಲ ಮಾಡುತ್ತಾ? ಎಸ್ಟಿಮೇಟಿಗೆ ಹೂಂ ಅನ್ನದೆ ಕಾರನ್ನು ವಾಪಸ್ ತಂದೆ.

ಬೀದಿ ಕೊನೆಯ ಗ್ಯಾರೇಜಿನವರು ಬಾನೆಟ್ ಎತ್ತಿದವರೇ ಇಳಿಸಿಬಿಟ್ಟರು. ಕಿತ್ತಳೆ ಬಣ್ಣದ ವೈರ್ ಕಾಣಿಸಿತು, ಅಷ್ಟೇ. "ಹೈಬ್ರಿಡ್ ಅಲ್ವಾ ಸಾರ್, ನಾವು ಮುಟ್ಟಲ್ಲ." ಅವರನ್ನು ದೂರೋಕೆ ಆಗಲ್ಲ. ಕಿತ್ತಳೆ ಬಣ್ಣ ಅಂದರೆ ಹೈ ವೋಲ್ಟೇಜ್, ಜೀವ ತೆಗೆಯೋವಷ್ಟು. ಎರಡನೇ ತಲೆಮಾರಿನ ಪ್ರಿಯಸ್ ಅನ್ನೋ ಹೈಬ್ರಿಡ್ ಕಾರು ತಗೊಂಡರೆ ಅದರ ಪ್ಯಾಕಲ್ಲಿ 28 ಮಾಡ್ಯೂಲ್, ಒಂದೊಂದೂ 7.2 ವೋಲ್ಟ್, ಸಾಲಾಗಿ ಸೇರಿಸಿದರೆ 201.6 ವೋಲ್ಟ್ ಡಿಸಿ. ಅಲ್ಲಿ ಕೆಲಸ ಮಾಡೋರು ಮೊದಲು 1000 ವೋಲ್ಟ್ ತಡೆಯೋ ರಬ್ಬರ್ ಗ್ಲೌಸ್ ಹಾಕಿಕೊಂಡು, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯೋ ಸರ್ವಿಸ್ ಪ್ಲಗ್ ಎಳೆದು, ಇನ್ವರ್ಟರಿನ (ಬ್ಯಾಟರಿ ಕರೆಂಟನ್ನು ಮೋಟರಿಗೆ ಬೇಕಾದ ಹಾಗೆ ಬದಲಾಯಿಸೋ ಪೆಟ್ಟಿಗೆ) ಒಳಗೆ ಕರೆಂಟ್ ಹಿಡಿದಿಟ್ಟಿರೋ ಕೆಪಾಸಿಟರ್‌ಗಳು ಖಾಲಿ ಆಗೋ ತನಕ ಹತ್ತು ನಿಮಿಷ ಕಾದು, ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕುತ್ತಾರೆ. ನಾನೂ ಆ ಕಡೆ ಕೈ ಹಾಕಿಲ್ಲ, ಹಾಕೋದೂ ಇಲ್ಲ. ಆದರೆ ಒಂದು ಬೇಜಾರು. ನಮ್ಮ ಬಿಡದಿಯಲ್ಲೇ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸೋಕೆ ಶುರು ಮಾಡಿದರು, ಈಗ ಹೈಕ್ರಾಸ್ ಕೂಡ ಅಲ್ಲೇ ಆಗುತ್ತೆ. ಅಲ್ಲಿಂದ ಒಂದು ಗಂಟೆ ದೂರದ ಗ್ಯಾರೇಜಲ್ಲಿ ಹೈಬ್ರಿಡ್ ಅಂದರೆ ಇನ್ನೂ ಹುಣಸೇಮರದ ದೆವ್ವ. ಕಾರಿನ ಮುಕ್ಕಾಲು ಪಾಲು ವೈರಿಂಗ್ ಹಳೇ ಓಮ್ನಿಯಲ್ಲಿ ಇದ್ದದ್ದೇ, ಹನ್ನೆರಡು ವೋಲ್ಟಿನದು, ಅನ್ನೋದು ಆ ಬಣ್ಣ ನೋಡಿದ ಮೇಲೆ ಯಾರ ತಲೆಗೂ ಹೊಳೆಯಲ್ಲ. ನನಗೂ ಹೊಳೆದಿರಲಿಲ್ಲ ಬಿಡಿ.

ಸ್ಕ್ಯಾನರ್ ತರಿಸಿಕೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬ್ಲೂಟೂತ್‌ದು. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತಲ್ಲ, ಅದಕ್ಕೆ ಚುಚ್ಚಿ ಮೊಬೈಲಲ್ಲಿ ಓದೋದು. ಹೈಬ್ರಿಡ್ ಕಂಪ್ಯೂಟರನ್ನೂ ಓದಬಲ್ಲ ಆಪ್ ಬೇಕು, ಸಾದಾ ಆಪ್‌ಗಳು ಎಂಜಿನ್ ಮಾತ್ರ ನೋಡಿ ಸುಮ್ಮನಾಗುತ್ತವೆ. ಕೋಡ್‌ಗಳು ಬಂದವು. ಯು ಅಕ್ಷರದಿಂದ ಶುರುವಾಗೋವು ಮೂರು. ಯು ಅಂದರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋದು ನಿಂತಿತ್ತು ಅಂತ. ಆಮೇಲೆ ಪಿ0ಎ08.

ಸೊನ್ನೆ ಎಂಟು. ಎಂಟು ಸೊನ್ನೆ ಅಲ್ಲ.

ಕರೆಂಟ್ ಬಿಲ್ಲು ತಂದು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಆ ಹುಡುಗ ತಪ್ಪು ಓದಿದನೋ, ನಾನೇ ಗಾಬರಿಯಲ್ಲಿ ತಿರುಗಾಮುರುಗಾ ಬರೆದುಕೊಂಡೆನೋ, ಈಗಲೂ ಗೊತ್ತಿಲ್ಲ. ಪಿ0ಎ08 ಅಂದರೆ ಡಿಸಿ-ಡಿಸಿ ಕನ್ವರ್ಟರಿನ ಕಡೆಯಿಂದ ಬಂದ ದೂರು. ಇಂಥ ಹೈಬ್ರಿಡ್‌ನಲ್ಲಿ, ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಇರಲ್ಲ. ದೊಡ್ಡ ಬ್ಯಾಟರಿಯ ಇನ್ನೂರು ಚಿಲ್ಲರೆ ವೋಲ್ಟನ್ನು ಹದಿನಾಲ್ಕಕ್ಕೆ ಇಳಿಸಿ, ಕಾರಲ್ಲಿರೋ ಇನ್ನೊಂದು ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿಗೆ ತಿನ್ನಿಸೋದು ಈ ಕನ್ವರ್ಟರ್. ಸಣ್ಣ ಬ್ಯಾಟರಿ ಕಡೆ ವೋಲ್ಟೇಜ್ ಕುಸಿದರೂ ಈ ಕೋಡ್ ಬೀಳುತ್ತೆ. ಕೋಡ್ ಬಿದ್ದ ಆ ಕ್ಷಣದ ಲೆಕ್ಕವನ್ನು ಕಾರು ಒಂದು ಫೋಟೋ ಥರ ಹಿಡಿದಿಟ್ಟಿರುತ್ತೆ. ಅದರಲ್ಲಿ ಸಣ್ಣ ಬ್ಯಾಟರಿ 9.6 ವೋಲ್ಟ್ ಅಂತ ಇತ್ತು. ಹನ್ನೆರಡೂವರೆ ಇರಬೇಕಾದದ್ದು!

ದೊಡ್ಡ ಬ್ಯಾಟರಿಯದ್ದೂ ಅದೇ ಆಪಲ್ಲಿ ನೋಡಿದೆ. ಕಂಪ್ಯೂಟರ್ ಅದನ್ನು ಒಂದೊಂದು ಭಾಗವಾಗಿ ಅಳೆಯುತ್ತಿರುತ್ತೆ. ಯಾವುದಾದರೂ ಒಂದು ಭಾಗ ಉಳಿದವಕ್ಕಿಂತ ಒಂದು ವೋಲ್ಟಿಗಿಂತ ಜಾಸ್ತಿ ಕೆಳಗಿಳಿದರೆ ಅನುಮಾನ ಪಡಬೇಕು. ಏರುದಾರಿಯಲ್ಲಿ ಜೋರಾಗಿ ತುಳಿದು ನೋಡಿದೆ, ಎಲ್ಲವೂ ಒಂದೇ ಸಮ ಇಳಿದು ಒಂದೇ ಸಮ ಏರಿದವು, ಹೆಚ್ಚೆಂದರೆ 0.2 ವ್ಯತ್ಯಾಸ. ಮೂರೂವರೆ ಲಕ್ಷ ಅಲ್ಲೇ ಉಳಿಯಿತು.

ಈ ಸಣ್ಣ ಬ್ಯಾಟರಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನನಗೇ ಇದು ಅರ್ಥ ಆಗೋಕೆ ಎರಡು ದಿನ ಬೇಕಾಯಿತು. ದೊಡ್ಡ ಬ್ಯಾಟರಿ ಗೋದಾಮು ಅಂದುಕೊಳ್ಳಿ, ಸಣ್ಣದು ಅದರ ಬೀಗದ ಕೈ. ಕಾರು ಆಫ್ ಆದಾಗ ಗೋದಾಮಿನ ಬಾಗಿಲು ಪೂರ್ತಿ ಮುಚ್ಚಿರುತ್ತೆ. ನಾವು ಬಟನ್ ಒತ್ತಿದಾಗ ಸಣ್ಣ ಬ್ಯಾಟರಿ ಮೊದಲು ಕಂಪ್ಯೂಟರ್‌ಗಳನ್ನು ಎಬ್ಬಿಸುತ್ತೆ, ಆಮೇಲೆ ರಿಲೇ ಅನ್ನೋ ಕರೆಂಟಿನ ಸ್ವಿಚ್‌ಗಳನ್ನು ಎಳೆದು ಆ ಬಾಗಿಲು ತೆಗೆಯುತ್ತೆ. ಎಂಜಿನ್ ತಿರುಗಿಸೋದು ಇದರ ಕೆಲಸ ಅಲ್ಲವೇ ಅಲ್ಲ, ಅದನ್ನು ದೊಡ್ಡ ಮೋಟರ್ ಮಾಡುತ್ತೆ. ಮಾಮೂಲಿ ಕಾರಲ್ಲಾದರೆ ಬ್ಯಾಟರಿಗೆ ವಯಸ್ಸಾಯಿತು ಅನ್ನೋದು ಕಿವಿಗೇ ಕೇಳುತ್ತೆ. ಚಳಿಗಾಲದ ಬೆಳಿಗ್ಗೆ ಕರ್... ಕರ್... ಅಂತ ನರಳುತ್ತೆ, ನಾವು ಎಚ್ಚೆತ್ತುಕೊಂಡು ಬದಲಾಯಿಸುತ್ತೇವೆ. ಹೈಬ್ರಿಡ್‌ನಲ್ಲಿ ಆ ನರಳಾಟವೇ ಇಲ್ಲ. ಸದ್ದಿಲ್ಲದೆ ಸೊರಗುತ್ತೆ. ಒಂದು ದಿನ ಕಂಪ್ಯೂಟರ್‌ಗಳಿಗೆ ಸಾಕಾಗುವಷ್ಟು ವೋಲ್ಟ್ ಸಿಗದೆ ಅವು ಒಂದರ ಮೇಲೊಂದು ದೂರು ಬರೆದು, ಕೊನೆಗೆ ಎಲ್ಲ ಸೇರಿ ಹೈಬ್ರಿಡ್ ಸಿಸ್ಟಮ್ ಮೇಲೆ ಹಾಕುತ್ತವೆ.

ಸರಿ, ಬ್ಯಾಟರಿ ಬದಲಾಯಿಸಿದರಾಯಿತು. ನನ್ನ ಕಾರಲ್ಲಿ ಅದು ಡಿಕ್ಕಿಯ ಬಲ ಮೂಲೆಯಲ್ಲಿ, ಲೈನಿಂಗ್ ಹಿಂದೆ ಇದೆ. ಅಂಗಡಿಯವರು ಅದೇ ಸೈಜಿನ ಸಾದಾ ಬ್ಯಾಟರಿ ಕೂರಿಸೋಕೆ ಹೊರಟಿದ್ದರು, ಅರ್ಧ ಬೆಲೆ ಬೇರೆ. ನಾನು ಒಪ್ಪಲಿಲ್ಲ. ಡಿಕ್ಕಿ ಅಂದರೆ ನಾವು ಕೂರೋ ಜಾಗದ ಪಕ್ಕ, ಚಾರ್ಜ್ ಆಗುವಾಗ ಬರೋ ಗ್ಯಾಸು ಒಳಗೇ ತುಂಬಿಕೊಳ್ಳಬಾರದು. ಅದಕ್ಕೇ ಅಲ್ಲಿ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರೋದು) ಇಟ್ಟು, ಗ್ಯಾಸು ಹೊರಗೆ ಹೋಗೋಕೆ ಒಂದು ಸಣ್ಣ ಪೈಪು ಕೊಟ್ಟಿರುತ್ತಾರೆ. ಆ ಪೈಪನ್ನು ಮರೆಯದೆ ಹಾಕಿಸಿದೆ. ಕೋಡ್ ಅಳಿಸಿದೆ. ತ್ರಿಕೋನ ಹೋಯಿತು. ಮನೆಗೆ ಬಂದು ಜಂಬದಿಂದ ಎಲ್ಲರಿಗೂ ಹೇಳಿದೆ. ಮುಕ್ಕಾಲು ಗಂಟೆ ಹಾಡು ಕೇಳಿದರೆ ಸಣ್ಣ ಬ್ಯಾಟರಿ ಇಳಿಯುತ್ತೆ ಅನ್ನೋದನ್ನೂ ಸೇರಿಸಿಯೇ ಹೇಳಿದೆ. ಮಗಳು ಎದ್ದು ಒಳಗೆ ಹೋದಳು.

ಹದಿನಾರನೇ ದಿನಕ್ಕೆ ತ್ರಿಕೋನ ವಾಪಸ್ ಬಂತು.

ಹೊಸ ಬ್ಯಾಟರಿ, ಅದೇ ಕೋಡ್. ಈ ಸಲ ನಿಜಕ್ಕೂ ಕೈಕಾಲು ಬಿಟ್ಟೆ. ಹಾಗಾದರೆ ಕನ್ವರ್ಟರೇ ಹೋಗಿದೆ, ಅದು ಇನ್ವರ್ಟರ್ ಒಳಗೇ ಇರೋದು, ಮತ್ತೆ ಲಕ್ಷದ ಲೆಕ್ಕ. ಬಾನೆಟ್ ಕೆಳಗೆ ಜಂಪ್ ಸ್ಟಾರ್ಟಿಗೆ ಅಂತ ಕೊಟ್ಟಿರೋ ಟರ್ಮಿನಲ್ಲಿಗೆ ಮೀಟರ್ ಇಟ್ಟೆ. ಕಾರು ರೆಡಿಯಲ್ಲಿದೆ, 14.0 ವೋಲ್ಟ್. ಕನ್ವರ್ಟರ್ ಲಕ್ಷಣವಾಗಿ ಕೆಲಸ ಮಾಡುತ್ತಿದೆ! ತಲೆ ಕೆಟ್ಟುಹೋಯಿತು.

ಜೆ.ಸಿ. ರೋಡಿಗೆ ಬೇರೆ ಏನೋ ತರಲು ಹೋದಾಗ ಗೆಳೆಯನೊಬ್ಬ ಅಲ್ಲಿನ ಹಳೇ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಕರೆದುಕೊಂಡು ಹೋದ. ಅರವತ್ತು ದಾಟಿದವರು, ಮೂಗಿನ ತುದಿಗೆ ಕನ್ನಡಕ. ಯಾವುದೋ ಲಾರಿಯ ಸೆಲ್ಫ್ ಮೋಟರ್ ಬಿಚ್ಚಿ ಹರಡಿಕೊಂಡು ಕೂತಿದ್ದರು. ನಾನು ಹೈಬ್ರಿಡ್, ಕನ್ವರ್ಟರ್, ಕೋಡ್ ಅಂತೆಲ್ಲ ಉದ್ದಕ್ಕೆ ಹೇಳಿದೆ. ಅವರು ತಲೆ ಎತ್ತದೆ ಕೇಳಿದರು, "ಮುಂದೆ ಹದಿನಾಲ್ಕು ಬರ್ತಿದೆ. ಹಿಂದೆ, ಬ್ಯಾಟರಿ ಹತ್ರ ಎಷ್ಟು?"

ನಾನು ಅಲ್ಲಿ ನೋಡಿರಲಿಲ್ಲ.

"ಅರ್ಥ್ ನೋಡಿದ್ರಾ ಸಾರ್? ಮೈನಸ್ಸು ಬಾಡಿಗೆ ಸೇರೋ ಜಾಗ." ಆಮೇಲೆ ತೋರಿಸಿಕೊಟ್ಟರು. ಕಾರನ್ನು ರೆಡಿಗೆ ತರಬೇಡಿ, ಬರೀ ಆನ್ ಮಾಡಿ ಹೆಡ್‌ಲೈಟ್ ಹಾಕಿ, ಬ್ಲೋವರ್ ಜೋರಾಗಿಡಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಮೊಳೆಗೇ ಇಡಿ, ಕ್ಲ್ಯಾಂಪಿಗಲ್ಲ. ಕೆಂಪು ಕಡ್ಡಿ ಬಾಡಿಯ ಬರೀ ಕಬ್ಬಿಣಕ್ಕೆ. ಎರಡೂ ಒಂದೇ ಅಲ್ವಾ, ಮೀಟರ್ ಸೊನ್ನೆ ತೋರಿಸಬೇಕು. 0.1 ತನಕ ಬಂದರೆ ಓಕೆ. ಅದಕ್ಕಿಂತ ಮೇಲೆ ಬಂದರೆ ಆ ದಾರಿಯಲ್ಲಿ ಎಲ್ಲೋ ಕಿಲುಬು ಹಿಡಿದಿದೆ. ದುಡ್ಡು ತಗೊಳ್ಳಲಿಲ್ಲ. "ಲಾರಿಗೂ ಅದೇ, ನಿಮ್ ಹೈಬ್ರಿಡ್ಡಿಗೂ ಅದೇ" ಅಂದರು.

ಮನೆಗೆ ಬಂದು ಡಿಕ್ಕಿ ಲೈನಿಂಗ್ ಬಿಚ್ಚಿದೆ. ಮೊದಲು ರೆಡಿಯಲ್ಲಿಟ್ಟು ಬ್ಯಾಟರಿ ಮೇಲೆ ಅಳೆದೆ, 13.3. ಮುಂದೆ ಹದಿನಾಲ್ಕು, ಹಿಂದೆ ಹದಿಮೂರು ಚಿಲ್ಲರೆ. ದಾರಿಯಲ್ಲಿ ಮುಕ್ಕಾಲು ವೋಲ್ಟ್ ಕಳ್ಳತನ ಆಗಿದೆ. ಆಮೇಲೆ ಅವರು ಹೇಳಿದ ಹಾಗೆ ಮಾಡಿದೆ. 0.87! ಅರ್ಥ್ ಬೋಲ್ಟು ಎಲ್ಲಿದೆ ಅಂತ ಹುಡುಕಿದರೆ ಬ್ಯಾಟರಿ ತಟ್ಟೆಯ ಕೆಳಗೆ, ಸ್ಟೆಪ್ನಿ ಗುಂಡಿಯ ಅಂಚಲ್ಲಿ. ಬೋಲ್ಟಿನ ತಲೆ ತುಕ್ಕು ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ವೈರಿನ ತುದಿಯ ಲಗ್ ಸುತ್ತ ಹಸಿರು ಬಿಳಿ ಪುಡಿ, ಹಳೇ ತಾಮ್ರದ ಚೊಂಬಿನ ತಳದಲ್ಲಿ ಇರುತ್ತಲ್ಲ ಹಾಗೆ. ಸ್ಟೆಪ್ನಿ ಎತ್ತಿದರೆ ಗುಂಡಿಯಲ್ಲಿ ಎರಡು ಬೆರಳು ನೀರು.

ಆಗ ಎಲ್ಲ ಸಾಲಾಗಿ ಕೂತಿತು. ನಮ್ಮ ಕಾರಲ್ಲಿ ಡ್ರೈವರ್ ಬಾಗಿಲು ತೆಗೆದ ತಕ್ಷಣ ಮುಂದೆಲ್ಲೋ 'ಝೂಂ' ಅಂತ ಒಂದು ಸದ್ದು ಬರುತ್ತೆ. ಅದು ಬ್ರೇಕಿನ ಪಂಪು. ನಾವು ಕೂರೋ ಮೊದಲೇ ಒತ್ತಡ ತುಂಬಿಕೊಳ್ಳುತ್ತೆ. ಆ ಒಂದೆರಡು ಕ್ಷಣ ಅದು ಎಳೆಯೋ ಕರೆಂಟ್ ಹೆಡ್‌ಲೈಟಿಗಿಂತ ಎಷ್ಟೋ ಜಾಸ್ತಿ. ಅಷ್ಟೂ ಕರೆಂಟ್ ಈ ಕಿಲುಬು ಹಿಡಿದ ಬೋಲ್ಟನ್ನು ದಾಟಿಯೇ ಬರಬೇಕು. ಹೆಡ್‌ಲೈಟಿಗೇ 0.87 ನುಂಗೋ ಬೋಲ್ಟು ಪಂಪಿಗೆ ಎಷ್ಟು ನುಂಗಿರಬಹುದು? ನಾವು ಕೂತು ಬಟನ್ ಒತ್ತುವಾಗ ಕಂಪ್ಯೂಟರ್‌ಗಳು ಎದ್ದು ನೋಡಿದರೆ ಒಂಬತ್ತೂವರೆ ವೋಲ್ಟ್. ತೊಂದರೆ ಯಾವಾಗಲೂ ಸ್ಟಾರ್ಟ್ ಮಾಡುವಾಗಲೇ ಬಂದು, ಕನ್ವರ್ಟರೇ ಕರೆಂಟ್ ಕೊಡೋವಾಗ, ಅಂದರೆ ಓಡುವಾಗ, ಬಾರದೆ ಇದ್ದದ್ದು ಇದಕ್ಕೇ. ಚಾರ್ಜ್ ಆಗುವಾಗಲೂ ಅದೇ ಬೋಲ್ಟು ಅಡ್ಡ. ಹೊಸ ಬ್ಯಾಟರಿಗೂ ಹೊಟ್ಟೆ ತುಂಬಾ ಊಟ ಸಿಕ್ಕಿರಲಿಲ್ಲ. ಹದಿನಾರು ದಿನ ಅರೆಹೊಟ್ಟೆಯಲ್ಲಿ ಇದ್ದು ಅದೂ ಕೈಚೆಲ್ಲಿತು.

ಸರಿ ಮಾಡೋಕೆ ಒಂದು ಗಂಟೆ ಸಾಕಾಯಿತು. ಕಾರು ಪೂರ್ತಿ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಮೊದಲು ಮೈನಸ್ ಬಿಚ್ಚಿದೆ. ಹತ್ತನೇ ನಂಬರ್ ಸ್ಪ್ಯಾನರಿಗೆ ಬೋಲ್ಟು ಮೊದಲು ಜಗ್ಗಲಿಲ್ಲ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಕಾಫಿ ಕುಡಿದು ಬಂದೆ. ಲಗ್‌ನ ಎರಡೂ ಕಡೆ, ಬಾಡಿಯ ಮೇಲೆ ಬೋಲ್ಟಿನ ಸುತ್ತ, ಉಪ್ಪುಕಾಗದದಲ್ಲಿ ಉಜ್ಜಿದೆ. ಬಣ್ಣ ಹೋಗಿ ಬೆಳ್ಳಗೆ ಕಬ್ಬಿಣ ಕಾಣೋ ತನಕ. ಹೊಸ ಬೋಲ್ಟು ಹಾಕಿ ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಮೇಲಿಂದ ವ್ಯಾಸಲೀನ್ ಬಳಿದೆ. ಉಪ್ಪುಕಾಗದಕ್ಕೆ ಹದಿನೈದು ರೂಪಾಯಿ. ಬ್ಯಾಟರಿಯನ್ನು ಹೊರಗಿನ ಚಾರ್ಜರಿಗೆ ಹಾಕಿ ರಾತ್ರಿಯೆಲ್ಲ ತುಂಬಿಸಿದೆ. ಬೆಳಿಗ್ಗೆ ಅದೇ ಪರೀಕ್ಷೆ: 0.03.

ಆದರೆ ನೀರು ಎಲ್ಲಿಂದ ಬಂತು? ಅದು ಗೊತ್ತಾಗದೆ ಇದ್ದರೆ ಇನ್ನೊಂದು ಮಳೆಗಾಲಕ್ಕೆ ಮತ್ತೆ ಇದೇ ಕಥೆ. ಕ್ಯಾತ್ಸಂದ್ರಕ್ಕೆ ಮುಂಚೆ ಹತ್ತು ದಿನ ಕಾರು ತೀರ್ಥಹಳ್ಳಿ ಹತ್ತಿರ ಚಿಕ್ಕಮ್ಮನ ಮನೆ ಅಂಗಳದಲ್ಲಿ ನಿಂತಿತ್ತು. ಆಷಾಢದ ಮಳೆ, ಮೇಲೆ ಮುಚ್ಚಿಗೆ ಇಲ್ಲ. ಅಲ್ಲಿನ ಮಳೆ ನಿಮಗೆ ಗೊತ್ತಲ್ಲ, ಬಟ್ಟೆ ಒಲೆ ಮೇಲೆ ಒಣಗಿಸಬೇಕು. ಡಿಕ್ಕಿ ಬಾಗಿಲಿನ ರಬ್ಬರ್ ನೋಡಿದೆ, ಚೆನ್ನಾಗಿತ್ತು. ಮೇಲಿಂದ ನೀರು ಸುರಿದು ಡಿಕ್ಕಿ ತೆಗೆದು ನೋಡಿದರೆ ಒಳಗೆ ಒದ್ದೆ ಆಗಿರುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ಉಳಿದದ್ದು ಒಂದೇ ದಾರಿ. ನಾನು ಒಳಗೆ ಕೂರಬೇಕು.

ಭಾನುವಾರ ಬೆಳಿಗ್ಗೆ ಡಿಕ್ಕಿಯಿಂದ ಎಲ್ಲ ತೆಗೆದು, ಮೊಬೈಲ್ ಟಾರ್ಚ್ ಹಿಡಿದು ಮುದುಡಿಕೊಂಡು ಒಳಗೆ ಮಲಗಿದೆ. ನನ್ನ ವಯಸ್ಸಿಗೆ ಮಾಡೋ ಕೆಲಸ ಅಲ್ಲ, ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಮಗಳು ಪೈಪ್ ಹಿಡಿದು ನಿಂತಳು. ಅಮ್ಮ ಮೆಟ್ಟಿಲ ಮೇಲೆ ಕೂತು, "ಉಸಿರು ಕಟ್ಟಿದ್ರೆ ಬಾಗಿಲು ಬಡಿಯೋ" ಅಂದರು. ಡಿಕ್ಕಿ ಮುಚ್ಚಿತು. ಕತ್ತಲು, ರಬ್ಬರ್ ವಾಸನೆ, ಮೇಲೆ ಧೋ ಅಂತ ನೀರು. "ಮೇಲೆ ಹಿಡೀಲಾ?" "ಹಿಡಿ." ಏನೂ ಇಲ್ಲ. "ಎಡಗಡೆ?" ಏನೂ ಇಲ್ಲ. "ಬಲಗಡೆ ಲೈಟಿನ ಮೇಲೆ ಹಿಡಿ." ಮೂರು, ನಾಲ್ಕು, ಐದು ಎಣಿಸಿದೆ. ಹಿಂದಿನ ದೀಪದ ಸ್ಟಡ್ ಬಾಡಿಯೊಳಗೆ ಬರೋ ತೂತಿನ ಅಂಚಲ್ಲಿ ಒಂದು ಹನಿ ಊದಿಕೊಂಡಿತು. ಸ್ವಲ್ಪ ಹೊತ್ತು ಯೋಚನೆ ಮಾಡೋ ಥರ ನಿಂತು, ಒಳಗಿನ ಕಬ್ಬಿಣದ ಅಂಚು ಹಿಡಿದು ಇಳಿದು, ನೆಟ್ಟಗೆ ಅರ್ಥ್ ಬೋಲ್ಟಿನ ತಲೆ ಮೇಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು.

"ಬಂತು! ಬಂತು!" ಅಂತ ಒಳಗಿಂದ ಕಿರುಚಿದೆ. ಹೊರಗೆ ಹಾಲು ತರಲು ಹೊರಟಿದ್ದ ಎದುರು ಮನೆಯವರು ನಿಂತು, ಡಿಕ್ಕಿಯೊಳಗೆ ಯಾರಮ್ಮ ಅಂತ ಮಗಳನ್ನು ಕೇಳುತ್ತಿದ್ದದ್ದು ಕೇಳಿಸಿತು. "ನಮ್ಮಪ್ಪ" ಅಂದಳು. ಅವರು ಮತ್ತೇನೂ ಕೇಳಲಿಲ್ಲ.

ದೀಪ ಬಿಚ್ಚಿದರೆ ಹಿಂದಿನ ಫೋಮ್ ಗ್ಯಾಸ್ಕೆಟ್ ಒಣಗಿ ಹಪ್ಪಳ ಆಗಿತ್ತು. ಒಂದು ಕಡೆ ಕಿರುಬೆರಳು ಹೋಗೋವಷ್ಟು ಬಿರುಕು. ಹೊಸ ಗ್ಯಾಸ್ಕೆಟ್ ಬರೋಕೆ ಹತ್ತು ದಿನ ಆಯಿತು, ಅಲ್ಲೀ ತನಕ ಸಿಲಿಕಾನ್ ಬಳಿದು ಓಡಿಸಿದೆ. ಆಮೇಲೆ ಬಂದ ಮಳೆಗೆಲ್ಲ ಸ್ಟೆಪ್ನಿ ಗುಂಡಿ ಒಣಗೇ ಇದೆ. ಸರ್ವಿಸ್ ಸೆಂಟರಿನಿಂದ ಮಾತ್ರ ಇನ್ನೂ ವಾರಕ್ಕೊಂದು ಫೋನ್ ಬರುತ್ತೆ, ಎಸ್ಟಿಮೇಟ್ ಅಪ್ರೂವ್ ಮಾಡ್ತೀರಾ ಸರ್ ಅಂತ.

ಅವತ್ತು ಡಿಕ್ಕಿಯಿಂದ ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಮಗಳು ನಲ್ಲಿ ನಿಲ್ಲಿಸಿ ಬಂದು ಆ ಬೋಲ್ಟನ್ನು ಬಗ್ಗಿ ನೋಡಿದಳು.

"ಅಂದ್ರೆ ನನ್ನ ಹಾಡಿಂದ ಆಗಿದ್ದಲ್ಲ ಅಲ್ವಾ?"

"ಅಲ್ಲ ಪುಟ್ಟಿ. ಸ್ವಲ್ಪ ಇಳಿಸಿರುತ್ತೆ, ಅಷ್ಟೇ. ಮುಖ್ಯ ಕಾರಣ ಇದು."

"ಅಮ್ಮನ ಮುಂದೆ ಹೇಳು."

ಒಳಗೆ ಹೋಗಿ ಹೇಳಿದೆ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು. ಕೈ ನಿಲ್ಲಿಸದೆ, "ಸ್ವಲ್ಪ ಇಳಿಸಿರುತ್ತಲ್ಲ" ಅಂದಳು.